ಇಪ್ಪತ್ತೇಳಕ್ಕೆ ಒಂಬತ್ತು ದಿನದ ರಜೆ

ಶ್ರೀಶೈಲ ಬಣಕಾರನಿಗೆ ಹದಿನೆಂಟು ವರ್ಷಗಳ ನಂತರ ಮೊದಲು ಕೇಳಿಸಿದ್ದು ಒಂದು ನೀರಿನ ಹನಿ. ಕೋಣೆಯ ಮೂಲೆಯಲ್ಲಿದ್ದ ನೀರು ಸೋಸುವ ಯಂತ್ರದ ನಲ್ಲಿಯಿಂದ ಅದು ಸ್ಟೀಲಿನ ತಟ್ಟೆಗೆ ಬಿತ್ತು. ಕಿವಿ ನೆಟ್ಟಗಿರುವ ನಮಗೆ ನಿಮಗೆ ಅದೊಂದು ಸದ್ದೇ ಅಲ್ಲ.

ಅದು 2059ನೆಯ ಇಸವಿ. ಧಾರವಾಡದ ಶ್ರವಣ ಚಿಕಿತ್ಸಾ ಕೇಂದ್ರದ ಮೂರನೆಯ ಕೋಣೆ, ಬೆಳಗಿನ ಹತ್ತೂವರೆ. ಅವನ ಕಿವಿಗೆ ಮುಲಾಮು ಹಾಕಿ ಹನ್ನೆರಡು ದಿನಗಳಾಗಿದ್ದವು. ಶ್ರೀಶೈಲ ಎಂದಿನಂತೆ ಹೆಂಡತಿ ದಾನೇಶ್ವರಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಅವಳ ತುಟಿಗಳನ್ನೇ ನೋಡುತ್ತಿದ್ದ. ಬನಹಟ್ಟಿಯ ಬಸ್ಸಿಗೆ ಹೊತ್ತಾಯಿತೆಂದು ಅವಳು ಹೇಳುತ್ತಿದ್ದಳು. ಹನಿ ಬಿದ್ದ ಕೂಡಲೇ ಅವನ ಕಣ್ಣು ಅವಳ ಮುಖ ಬಿಟ್ಟು ಮೂಲೆಗೆ ಹೋಯಿತು. ಇನ್ನೊಂದು ಹನಿ ಬಿತ್ತು. ಕಣ್ಣು ವಾಪಸ್ಸು ಬರಲೇ ಇಲ್ಲ.

"ನೀರು ಬಿತ್ರೀ! ಕೇಳಿಸ್ತು ನನಗ!" ಎಂದು ಅವನು ಕೂಗಿದ. ತನ್ನ ದನಿಗೆ ತಾನೇ ಬೆಚ್ಚಿ ಬಾಯಿಯ ಮೇಲೆ ಕೈಯಿಟ್ಟುಕೊಂಡ.

ಡಾಕ್ಟರ್ ಅನ್ವಿತಾ ಉಮದಿ ಚಪ್ಪಾಳೆ ತಟ್ಟಿದರು. ಆ ಮುಲಾಮನ್ನು ಕಂಡುಹಿಡಿದವರು ಅವರೇ. ಬಾಗಿಲಲ್ಲಿ ನಿಂತಿದ್ದ ನರ್ಸುಗಳೂ ಚಪ್ಪಾಳೆ ತಟ್ಟಿದರು, ಒಬ್ಬಳಂತೂ ಅತ್ತೇಬಿಟ್ಟಳು. ದಾನೇಶ್ವರಿಯೂ ನಕ್ಕಳು. ಆದರೆ ನಗುತ್ತಿರುವಾಗಲೇ ಅವಳ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿಕೊಂಡಿತು. ಯಾರ ಮೇಲೆ ಎಂದರೆ, ಆ ನೀರಿನ ಹನಿಯ ಮೇಲೆ. ನಗಬೇಡಿ. ಮೂವತ್ತೇಳು ವರ್ಷದ ಸಂಸಾರದ ಈಚಿನ ಹದಿನೆಂಟು ವರ್ಷದಲ್ಲಿ ತಾನು ಮಾತಾಡುತ್ತಿರುವಾಗ ಗಂಡ ಬೇರೆ ಕಡೆ ನೋಡಿದ್ದನ್ನು ಅವಳು ಅವತ್ತೇ ಮೊದಲು ಕಂಡದ್ದು.

ಅದು ಹೇಗೆಂದು ತಿಳಿಯಬೇಕಾದರೆ ಅವರ ಮಗ್ಗದ ಶೆಡ್ಡಿನ ಸಂಗತಿ ಸ್ವಲ್ಪ ಹೇಳಬೇಕು. ಇಬ್ಬರೂ ಪವರ್‌ಲೂಮಿನ ಮೇಲೆ ಸೀರೆ ನೇಯ್ದವರು. 2059ರ ಹೊತ್ತಿಗೆ ಗಾಳಿಯಿಂದ ಎಳೆ ಹಾರಿಸುವ ಸದ್ದಿಲ್ಲದ ಮಗ್ಗಗಳು ಬಂದಿದ್ದವು, ಸರಿ. ಅವರ ಕಾಲದಲ್ಲಿ ಮಾತ್ರ ಒಂದೇ ತಗಡಿನ ಸೂರಿನಡಿ ನಲವತ್ತು ಮಗ್ಗ, ನಲವತ್ತು ಲಾಳಿ, ಬೆಳಗಿನಿಂದ ಸಂಜೆಯ ತನಕ ಖಟಾಖಟಾ. ಅಲ್ಲಿ ಬಾಯಿಬಿಟ್ಟು ಕೂಗಿದರೂ ಪಕ್ಕದವನಿಗೆ ಕೇಳದು. ಹಾಗಾಗಿ ಅಲ್ಲಿ ಯಾರೂ ಕೂಗುತ್ತಿರಲಿಲ್ಲ. ದನಿಯನ್ನು ಗಂಟಲಲ್ಲೇ ಬಿಟ್ಟು ಬರೀ ತುಟಿ ಆಡಿಸುತ್ತಿದ್ದರು. ನೋಡುವವನು ತುಟಿ ಓದುತ್ತಿದ್ದ. ದೂರದವನನ್ನು ಕರೆಯಬೇಕಾದರೆ ಖಾಲಿ ಕಂಡಿಕೆ ಎಸೆಯುತ್ತಿದ್ದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಗೇಣುದ್ದದ ಕಡ್ಡಿ. ದಾನೇಶ್ವರಿ ಎಸೆದ ಇಂಥದೊಂದು ಕಂಡಿಕೆ ಶ್ರೀಶೈಲನ ಬೆನ್ನಿಗೆ ಬಿದ್ದು, ಅವನು ತಿರುಗಿ ನೋಡಿ, ಮುಂದೆ ಅದು ಮದುವೆಯವರೆಗೆ ಹೋಯಿತು.

ನಲವತ್ತು ದಾಟುವ ಹೊತ್ತಿಗೆ ಇಬ್ಬರ ಕಿವಿಯೂ ಕೈಕೊಟ್ಟವು. ಆದರೆ ಗಂಡ ಹೆಂಡಿರ ನಡುವೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಶೆಡ್ಡಿನ ಮಾತು ಮನೆಗೆ ಬಂತು, ಅಷ್ಟೇ. ಅವಳು ಒಲೆಯ ಮುಂದೆ ತುಟಿ ಆಡಿಸುವಳು, ಅವನು ನೋಡುವನು. ಜಗಳವೂ ಹಾಗೇ, ಸರಸವೂ ಹಾಗೇ. ಸಿಟ್ಟು ಬಂದರೆ ಅವಳು ಮುಖ ತಿರುಗಿಸಿಕೊಂಡುಬಿಡುತ್ತಿದ್ದಳು. ಆಗ ಅವನಿಗೆ ಜಗತ್ತೇ ಬಂದ್ ಆದಂತಾಗಿ ಸುತ್ತು ಹಾಕಿ ಎದುರಿಗೆ ಬಂದು ಕೂರುತ್ತಿದ್ದ. ಅವನ ಕಣ್ಣು ದಿನವಿಡೀ ತನ್ನ ಮುಖದ ಮೇಲೇ ಇರುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ತನ್ನ ಆಸ್ತಿ ಎಂದು ಅವಳು ಯಾವತ್ತೂ ಯೋಚಿಸಿರಲೇ ಇಲ್ಲ.

ಹೊರಗಿನವರ ಜೊತೆ ಮಾತ್ರ ಇಬ್ಬರ ರೀತಿ ಬೇರೆ. ಶ್ರೀಶೈಲ ಇಡೀ ಓಣಿಗೆ ಕೇಳುವಂತೆ ಕಿರುಚುತ್ತಿದ್ದ. ದಾನೇಶ್ವರಿ ಬಾಯಿಪೆಟ್ಟಿಗೆ ಹಿಡಿಯುತ್ತಿದ್ದಳು. ತುಟಿಯ ಆಟವನ್ನು ಕ್ಯಾಮೆರಾದಲ್ಲಿ ಓದಿ ತಾನೇ ಮಾತಾಡುವ, ಎದುರಿನವರ ಮಾತನ್ನು ಅಕ್ಷರ ಮಾಡಿ ತೋರಿಸುವ ಫೋನಿಗೆ ಊರವರು ಇಟ್ಟ ಹೆಸರು ಅದು. ಅದರ ದನಿಯೋ, ರೈಲು ಎರಡು ತಾಸು ತಡ ಎಂದು ಹೇಳುವ ಹೆಂಗಸಿನ ದನಿ.

ಮುಲಾಮು ಹಾಕುವ ದಿನ ಡಾಕ್ಟರ್ ಅನ್ವಿತಾ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದ್ದರು. ಮಾತು ಅಕ್ಷರವಾಗಿ ಗೋಡೆಯ ಮೇಲೆ ಮೂಡುತ್ತಿತ್ತು.

"ಕಾಕಾರ, ಕಿವಿ ಒಳಗ ಶಂಖದ ಹಂಗ ಒಂದು ಸುರುಳಿ ಐತಿ. ಅದರಾಗ ಹದಿನೈದು ಸಾವಿರ ಕೂದಲ ಕೋಶ. ಹುಟ್ಟುವಾಗ ಎಷ್ಟು ತಂದಿರತೀವೋ ಅಷ್ಟ. ಮಗ್ಗದ ಸದ್ದಿಗೆ ಅವು ಸತ್ತು ಹೋಗ್ಯಾವ. ಕೋಳಿಗೆ ಹೋದರೆ ಮತ್ತ ಹುಟ್ಟತಾವ, ನಮಗ ಹುಟ್ಟೂದಿಲ್ಲ."

"ಕೋಳಿಗೆ ಇರೂ ಭಾಗ್ಯ ನಮಗಿಲ್ಲೇನ್ರಿ?" ಎಂದು ಶ್ರೀಶೈಲ ಕಿರುಚಿದ.

"ಯಾಕಂದ್ರ ನಮ್ಮೊಳಗ ಒಬ್ಬ ಕಾವಲುಗಾರ ಇದ್ದಾನ. ಅವನ ಹೆಸರು ಪಿ-ಇಪ್ಪತ್ತೇಳು." ಡಾಕ್ಟರು ಸ್ವಲ್ಪ ಯೋಚಿಸಿ ಕೇಳಿದರು: "ನಿಮ್ಮ ಮಗ್ಗದಾಗ ಎಳೆ ಹರದ್ರ ತಾನಾಗೇ ನಿಲ್ಲಸೂ ತಗಡಿನ ಚೂರು ಇರತಿತ್ತಲ್ಲ?"

ಇತ್ತು. ಪ್ರತಿ ಎಳೆಗೂ ಒಂದೊಂದು ತೆಳ್ಳನೆಯ ತಗಡು ನೇತಾಡುತ್ತಿತ್ತು. ಎಳೆ ಹರಿದರೆ ತಗಡು ಕೆಳಗೆ ಬಿದ್ದು ಮಗ್ಗ ನಿಲ್ಲುತ್ತಿತ್ತು. ಪಿ-27 ಅಂಥದೇ ಒಂದು ಪ್ರೋಟೀನು. ನಮ್ಮ ಹನ್ನೆರಡನೆಯ ವರ್ಣತಂತುವಿನಲ್ಲಿರುವ ಒಂದು ಜೀನು ಅದನ್ನು ತಯಾರಿಸುತ್ತದೆ; ಇಪ್ಪತ್ತೇಳು ಎಂಬುದು ಕಿಲೋಡಾಲ್ಟನ್ ಲೆಕ್ಕದಲ್ಲಿ ಅದರ ಅಣುತೂಕ. ಕೋಶವೊಂದು ಒಡೆದು ಎರಡಾಗಲು ಹೊರಟಾಗ ಅದನ್ನು ಓಡಿಸುವ ಕಿಣ್ವಗಳಿಗೆ ಈ ಪ್ರೋಟೀನು ಅಂಟಿಕೊಂಡು, ನಿಲ್ಲು, ಸಾಕು ಎನ್ನುತ್ತದೆ. ಕಿವಿಯಲ್ಲಿ ಕೂದಲ ಕೋಶಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳನ್ನು ಅದು ಹುಟ್ಟಿನಿಂದ ಸಾಯುವ ತನಕ ಹೀಗೇ ತಡೆದು ಕೂತಿರುತ್ತದೆ. ಅನ್ವಿತಾ ಅವರ ಮುಲಾಮು ಆ ಜೀನಿನ ಬಾಯಿಯನ್ನು ಒಂಬತ್ತು ದಿನ ಕಟ್ಟಿಹಾಕುತ್ತದೆ. ತಗಡು ಮೇಲಕ್ಕೇಳುತ್ತದೆ, ಆಸರೆಯ ಕೋಶಗಳು ಒಡೆದು ಎರಡಾಗುತ್ತವೆ, ಎರಡರಲ್ಲಿ ಒಂದು ಹೊಸ ಕೂದಲ ಕೋಶವಾಗುತ್ತದೆ. ಹತ್ತನೆಯ ದಿನ ತಗಡು ಮತ್ತೆ ಬೀಳಲೇಬೇಕು. ಬೀಳದಿದ್ದರೆ ಕೋಶಗಳು ಹದ್ದುಮೀರಿ ಬೆಳೆದು ಗೆಡ್ಡೆಯಾದಾವು.

"ಅಂದ್ರ ಇಪ್ಪತ್ತೇಳಕ್ಕ ಒಂಬತ್ತು ದಿನ ರಜಾ," ಎಂದಿತ್ತು ದಾನೇಶ್ವರಿಯ ಬಾಯಿಪೆಟ್ಟಿಗೆ.

"ಹೌದು ನೋಡ್ರಿ ಕಾಕು! ಆಮ್ಯಾಲ ನಿಮ್ಮ ಕೆಲಸ ಸುರು. ಹೊಸ ಕೋಶ ಅಂದ್ರ ಹಸುಗೂಸು. ಯಾವ ಸದ್ದು ಮಾತು, ಯಾವ ಸದ್ದು ಗದ್ದಲ ಅಂತ ಅದಕ್ಕ ತಿಳಿಯೂದಿಲ್ಲ. ನಲವತ್ತು ದಿನ, ದಿನಾ ಎರಡು ತಾಸು ನೀವು ಇವರ ಮುಂದ ಕೂತು ಮಾತಾಡಬೇಕು. ಆ ನಲವತ್ತು ದಿನದಾಗ ಯಾರ ದನಿ ಹೆಚ್ಚು ಕೇಳತಾರೋ ಆ ದನಿ ಜೀವಮಾನ ಪೂರ್ತಿ ಸ್ಪಷ್ಟ. ಉಳಿದದ್ದು ಮಸುಕು ಮಸುಕು."

ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಮುಲಾಮು ಹಾಕದಿದ್ದುದು ಇದೇ ಕಾರಣಕ್ಕೆ; ಒಬ್ಬರು ಮಾತು ಕಲಿಸುವವರು ಬೇಕಿತ್ತು. ದಾನೇಶ್ವರಿಯ ಸರದಿ ಮೂರು ತಿಂಗಳ ಮೇಲಿತ್ತು. ಶ್ರೀಶೈಲನ ಕಿವಿಯ ಹಿಂದೆ ಕುಂಕುಮದ ಬೊಟ್ಟಿನಷ್ಟು ಒಂದು ಗುಂಡಿ ಅಂಟಿಸಿದ್ದರು. ಯಾವ ಮನುಷ್ಯರ ದನಿ ಎಷ್ಟು ಹೊತ್ತು ಬಿತ್ತೆಂದು ಅದು ಬರೆದಿಡುತ್ತಿತ್ತು. ಅಂದಹಾಗೆ, ಮಗ್ಗದವರಲ್ಲಿ ಈ ಚಿಕಿತ್ಸೆ ಪಡೆದವರ ಪೈಕಿ ಶ್ರೀಶೈಲನೇ ಮೊದಲಿಗ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬನಹಟ್ಟಿಗೆ ಬಂದ ಮರುದಿನದಿಂದಲೇ ದಾನೇಶ್ವರಿ ಸೆರಗು ಬಿಗಿದು ನಿಂತಳು. ಬೆಳಿಗ್ಗೆ ಎರಡು ತಾಸಲ್ಲ, ಮೂರು ತಾಸು ಮಾತಾಡಿದಳು. ಹುಟ್ಟಿದ್ದು, ಬೆಳೆದದ್ದು, ಅತ್ತೆ ಕೊಟ್ಟ ಕಾಟ, ಮಗಳ ಬಾಣಂತನ, ಪಕ್ಕದ ಮನೆಯವಳು ಒಯ್ದು ವಾಪಸ್ಸು ಕೊಡದ ಇಡ್ಲಿ ಪಾತ್ರೆ, ಯಾವುದನ್ನೂ ಬಿಡಲಿಲ್ಲ. ಅವನು ಎದುರಿಗೆ ಕೂತು ನೋಡುತ್ತಿದ್ದ, ತಲೆಯಾಡಿಸುತ್ತಿದ್ದ. ಆದರೆ ನಡುನಡುವೆ ಅವನ ಹುಬ್ಬು ಗಂಟಾಗುತ್ತಿತ್ತು, ಕಿವಿಯೊಳಗೆ ಬೆರಳು ಹಾಕಿ ಅಲುಗಿಸುತ್ತಿದ್ದ. ಕಾಗೆ ಕೂಗಿದರೆ ಥಟ್ಟನೆ ಕಿಟಕಿಯತ್ತ ತಿರುಗುತ್ತಿದ್ದ. ಕುಕ್ಕರು ಸೀಟಿ ಹೊಡೆದರೆ ಅಡುಗೆಮನೆಯತ್ತ, ಬೀದಿಯಲ್ಲಿ ಯಾರೋ ಸೀನಿದರೆ ಬೀದಿಯತ್ತ. ಮಾತಿನ ನಡುವೆ ಎದ್ದು ಹೋಗಿ ಬಾಗಿಲ ಚಿಲಕವನ್ನು ಹತ್ತು ಸಲ ಹಾಕಿ ತೆಗೆದು ಕೇಳುತ್ತಿದ್ದ.

"ಚಿಲಕದ ಮಾರಿ ನನಗಿಂತ ಚಲೋ ಐತೇನು?" ಎಂದು ಅವಳು ತುಟಿಯಲ್ಲಿ ಕೇಳಿದಳು. ಅವನು ನೋಡುತ್ತಿರಲಿಲ್ಲ. ಹಾಗಾಗಿ ಆ ಮಾತು ಎಲ್ಲಿಗೂ ಹೋಗಿ ಮುಟ್ಟಲಿಲ್ಲ.

ಮಾತು ಸುರುವಾದ ಹತ್ತನೆಯ ದಿನ ಶ್ರೀಶೈಲ ಹಿತ್ತಲಿಗೆ ಹೋಗಿ, ಹೆಂಡತಿಗೆ ಬೆನ್ನು ಮಾಡಿ ನಿಂತು, ಎದುರಿನ ಮಾತು ಅಕ್ಷರವಾಗಿ ಮೂಡುವ ಫೋನಿನಲ್ಲಿ ಧಾರವಾಡದ ಡಾಕ್ಟರನ್ನು ಕರೆದ.

"ಬಾಯಾರ, ಎಲ್ಲಾ ಕೇಳತೈತ್ರಿ. ಇರಿವಿ ಹರದಾಡಿದ್ದೂ ಕೇಳತೈತಿ ಅನ್ನೂ ಹಂಗ. ನನ್ನ ಹೆಂಡತಿ ದನಿ ಅಷ್ಟ ಕೇಳವಲ್ದು. ಅಕಿ ಕೆಮ್ಮಿದ್ರ ಕೇಳತೈತಿ, ಮಾತಾಡಿದ್ರ ಕೇಳವಲ್ದು. ಅಕಿ ದನೀಗಂತ ಇರೂ ಕೂದಲ ಹುಟ್ಟಿಲ್ಲೋ ಏನೋ."

ಅನ್ವಿತಾ ಗುಂಡಿ ಬರೆದಿಟ್ಟದ್ದನ್ನು ತೆರೆದು ನೋಡಿದರು. ಓಣಿಯವರ ದನಿ ಇತ್ತು, ಹಾಲಿನವನದು ಇತ್ತು. ದಾನೇಶ್ವರಿಯ ಹೆಸರಿನ ಮುಂದೆ ಸೊನ್ನೆ. ಹತ್ತು ದಿನಕ್ಕೆ ಒಂದು ನಿಮಿಷವೂ ಇಲ್ಲ.

"ಕಾಕಾರ, ಕಾಕು ಮಾತಾಡೇ ಇಲ್ಲ."

"ಮಾತಾಡ್ಯಾಳ್ರಿ! ನಾ ಕಣ್ಣಾರೆ ನೋಡೇನಿ."

ಪಾಪ, ಹೆಂಡತಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲ ಎಂದುಕೊಂಡರು ಡಾಕ್ಟರು. ಮನೆಯವರು ಹೀಗೆ ಕೈಬಿಡುವುದನ್ನು ಅವರು ಬೇರೆ ಕಡೆಯೂ ಕಂಡಿದ್ದರು. ದಿನಗಳು ಓಡುತ್ತಿದ್ದವು. ಇನ್ನೂ ತಡಮಾಡಿದರೆ ಅವನಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎಂಬಂತಾಗುತ್ತಿತ್ತು. ಅವರು ಜಮಖಂಡಿಯಿಂದ ಒಬ್ಬ ಮಾತಿನ ಜೊತೆಗಾತಿಯನ್ನು ಗೊತ್ತುಮಾಡಿದರು.

ಪಲ್ಲವಿ ಟೀಚರು ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಂದರು. ಐವತ್ತಾರು ವರ್ಷ, ಬೇಗ ನಿವೃತ್ತರಾದ ಕನ್ನಡ ಶಿಕ್ಷಕಿ, ಗಂಡ ತೀರಿಕೊಂಡು ನಾಲ್ಕು ವರ್ಷ. ಇಸ್ತ್ರಿ ಮುರಿಯದ ಸೀರೆ. ದನಿ ಹೇಗಿತ್ತೆಂದು ದಾನೇಶ್ವರಿಗೆ ತಿಳಿಯುವಂತಿರಲಿಲ್ಲ. ಅದೇ ಅವಳ ಸಂಕಟ. ಕಾಣುವ ಶತ್ರುವಿನ ಜೊತೆ ಹೆಂಗಸು ಹೇಗೋ ಏಗಬಹುದು. ಸೀರೆ ಚೆನ್ನಾಗಿದ್ದರೆ ಇವಳೂ ಒಳ್ಳೆಯದೊಂದು ಉಡಬಹುದು, ಹೂ ಮುಡಿದು ಬಂದರೆ ಇವಳೂ ಮುಡಿಯಬಹುದು. ದನಿಯ ಎದುರಿಗೆ ಏನು ಮಾಡುವುದು?

ಟೀಚರು ಅವನ ಬಲಕಿವಿಯ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ತುಟಿ ನೋಡದೆ ಕೇಳುವುದನ್ನು ಕಲಿಯಲಿ ಎಂದು ಕ್ರಮವೇ ಹಾಗಿತ್ತು. ದಾನೇಶ್ವರಿ ಎದುರಿನ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತ ಕಾವಲು ಕಾಯುತ್ತಿದ್ದಳು. ಅಲ್ಲಿಂದ ಟೀಚರ ಬಾಯಿ ಅರ್ಧ ಮಾತ್ರ ಕಾಣುತ್ತಿತ್ತು, ಅರ್ಧ ಮಾತು ಮಾತ್ರ ಸಿಗುತ್ತಿತ್ತು. ಕಂಡದ್ದೆಂದರೆ ಗಂಡನ ಮುಖ. ಅವನು ಗೋಡೆಯನ್ನು ನೋಡುತ್ತ ಕೇಳುತ್ತಿದ್ದ. ಗೋಡೆ ನೋಡುತ್ತಲೇ ಮುಗುಳ್ನಗುತ್ತಿದ್ದ. ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿದ! ಅವತ್ತು ಆ ಮನೆಯಲ್ಲಿ ಅವಳು ಬಿಡಿಸಿದ ಬೆಳ್ಳುಳ್ಳಿ ಇಡೀ ಓಣಿಯ ಮದುವೆಗೆ ಸಾಕಾಗುವಷ್ಟಿತ್ತು.

"ಏನ್ ಹೇಳಿದ್ಲು?" ಎಂದು ಟೀಚರು ಹೋದ ಮೇಲೆ ತುಟಿಯಲ್ಲಿ ಕೇಳಿದಳು.

"ಏನಿಲ್ಲ, ಅವರ ಸಾಲಿ ಸುದ್ದಿ."

"ಕಣ್ಣು ಯಾಕ ಮುಚ್ಚಿದ್ದಿ?"

"ಕಣ್ಣು ಮುಚ್ಚಿದ್ರ ಇನ್ನಷ್ಟು ಚಲೋ ಕೇಳತೈತಿ, ದಾನಿ."

ಒಂದು ಮಾತು ಎಷ್ಟು ನೋಯಿಸಬಹುದೆಂದು ಆ ಗಂಡಸಿಗೆ ಗೊತ್ತಿರಲಿಲ್ಲ. ಅವಳು ಅಂದು ಊಟ ಬಡಿಸಿ, ತಾನು ಗೋಡೆಗೆ ಮುಖ ಮಾಡಿ ಕೂತು ಉಂಡಳು. ಅವನು ಸುತ್ತು ಹಾಕಿ ಎದುರಿಗೆ ಬರಲಿ ಎಂದು ಕಾದಳು. ಅವನು ಬರಲಿಲ್ಲ. ರೊಟ್ಟಿ ಮುರಿಯುವಾಗ ಆಗುವ ಸದ್ದನ್ನು ಕೇಳುತ್ತ ಕೂತಿದ್ದ.

ಇಪ್ಪತ್ತನಾಲ್ಕನೆಯ ದಿನ ಟೀಚರು ಏನೋ ಹೇಳಿದರು, ಶ್ರೀಶೈಲ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ದಾನೇಶ್ವರಿಯ ಕೈ ತಾನಾಗಿಯೇ ಮೂಲೆಯ ಬುಟ್ಟಿಗೆ ಹೋಯಿತು, ಹಳೆಯ ಕಂಡಿಕೆಯೊಂದು ಹೊರಬಂತು. ಗುರಿ ಗಂಡನೇ. ಆದರೆ ವಯಸ್ಸಾದ ಕೈ; ಕಂಡಿಕೆ ಹೋಗಿ ಟೀಚರ ಚಹದ ಕಪ್ಪಿಗೆ ಬಡಿಯಿತು. ಇಸ್ತ್ರಿ ಮುರಿಯದ ಸೀರೆಯ ಮೇಲೆಲ್ಲ ಚಹ.

"ಏನ ಮಾಡಿದಿ ಇದು?" ಎಂದು ಶ್ರೀಶೈಲ ಗದರಿದ. ಕರೆಯಲೆಂದು ಎಸೆದೆ ಅಂತ ಹೇಳಬೇಕೆಂದು ಅವಳು ತುಟಿ ತೆರೆದಳು. ಅವನು ಆಗಲೇ ಟೀಚರ ಕಡೆ ತಿರುಗಿ ಟವೆಲ್ಲು ಹುಡುಕುತ್ತಿದ್ದ.

ಮರುದಿನ ಬೆಳಗಿನ ಬಸ್ಸಿಗೆ ಅವಳು ಒಬ್ಬಳೇ ಧಾರವಾಡಕ್ಕೆ ಹೋದಳು. ಡಾಕ್ಟರ ಕೋಣೆಗೆ ನೇರ ನುಗ್ಗಿ ಬಾಯಿಪೆಟ್ಟಿಗೆ ಎತ್ತಿ ಹಿಡಿದಳು. ರೈಲು ತಡ ಎಂದು ಹೇಳುವ ದನಿ ತಣ್ಣಗೆ ಉಸುರಿತು: "ಆ ಇಪ್ಪತ್ತೇಳನ್ನ ವಾಪಸ್ ಬಾಗಲ್ದಾಗ ಕೂಡಸ್ರಿ. ನನ್ನ ಗಂಡ ಮೊದಲಿನ ಹಂಗಾಗ್ಲಿ."

ಅನ್ವಿತಾ ಗಾಬರಿಯಾದರು. "ಅದು ಆಗಲೇ ಬಂದು ಕೂತೈತಿ ಕಾಕು. ಹುಟ್ಟಿದ ಕೋಶಗಳನ್ನ ಮತ್ತ ಸಾಯಸಾಕ ಬರೂದಿಲ್ಲ. ಏನಾತು?"

"ಆ ಟೀಚರ್ ನನ್ನ ಗಂಡನ್ನ ಕಿವಿ ಹಿಡದು ಎಳಕೊಂಡು ಹೊಂಟಾಳ. ನೀವ ಕಳಿಸಿದ್ರಿ."

"ನೀವು ಮಾತಾಡಿದ್ರ ನಾ ಯಾಕ ಕಳಸ್ತಿದ್ದೆ?" ಡಾಕ್ಟರಿಗೂ ಸಿಟ್ಟು ಬಂತು. ಸೊನ್ನೆ ತೋರಿಸಿದರು. "ನೋಡ್ರಿ. ಇಪ್ಪತ್ತೈದು ದಿನ. ಒಂದ ನಿಮಿಷನೂ ನೀವು ಮಾತಾಡಿಲ್ಲ."

ದಾನೇಶ್ವರಿ ಆ ಸೊನ್ನೆಯನ್ನು ನೋಡಿದಳು. ಅವಳ ಮುಖ ಕೆಂಪಾಯಿತು. ಬಾಯಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ, ಎರಡೂ ಕೈ ಬೀಸುತ್ತ ಡಾಕ್ಟರ ಮುಖಕ್ಕೇ ಬಾಯಿ ಮಾಡತೊಡಗಿದಳು. ಕತ್ತಿನ ನರ ಉಬ್ಬಿತ್ತು. ದವಡೆ ಗರಗರ ಆಡುತ್ತಿತ್ತು. ಕಣ್ಣಲ್ಲಿ ನೀರು. ಕೋಣೆಯಲ್ಲಿ ಮಾತ್ರ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

ಅನ್ವಿತಾ ಎದ್ದು ನಿಂತರು. ಹನ್ನೊಂದು ವರ್ಷ ಕಿವಿಯ ಮೇಲೆ ಸಂಶೋಧನೆ ಮಾಡಿದ ಹೆಂಗಸಿಗೆ ಇಷ್ಟು ದಿನ ಕಾಣದೇ ಹೋದದ್ದು ಆಗ ಕಂಡಿತು.

"ಕಾಕು," ಎಂದು ಅವರು ನಿಧಾನಕ್ಕೆ, ಅಕ್ಷರ ಮೂಡುವಂತೆ ಹೇಳಿದರು, "ನಿಮ್ಮ ದನಿ ಬರವಲ್ದು."

ಅವಳಿಗೆ ಅರ್ಥವಾಗಲಿಲ್ಲ. ಅನ್ವಿತಾ ಅವಳ ಕೈ ಹಿಡಿದು ತಮ್ಮ ಗಂಟಲ ಮೇಲೆ ಇಟ್ಟುಕೊಂಡು 'ಆ' ಎಂದರು. ಬೆರಳಿನಡಿ ಜುಮ್ಮೆಂದು ನಡುಕ. ಆಮೇಲೆ ಅದೇ ಕೈಯನ್ನು ಅವಳ ಗಂಟಲಿಗೆ ಇಟ್ಟು, ಹೇಳಿ ಎಂದು ಸನ್ನೆ ಮಾಡಿದರು. ಅವಳು ಹೇಳಿದಳು. ಗಂಟಲು ಕಲ್ಲಿನಂತೆ ಸುಮ್ಮನಿತ್ತು.

ಅಯ್ಯೋ ಶಿವನೇ! ಹತ್ತು ದಿನ ದವಡೆ ನೋಯುವ ತನಕ ಅವಳು ಆಡಿದ್ದು ಶೆಡ್ಡಿನ ಮಾತು. ಕಿವಿಯಿಲ್ಲದ ಅವಳಿಗೆ ತನ್ನ ದನಿ ಹೊರಟಿಲ್ಲವೆಂದು ತಿಳಿಯುವ ದಾರಿಯಿರಲಿಲ್ಲ. ಕಿವಿ ಬಂದ ಗಂಡನಿಗೂ ಹೊಳೆಯಲಿಲ್ಲ, ಏಕೆಂದರೆ ಅವಳು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಪ್ಪು ತನ್ನ ಕಿವಿಯದೇ ಎಂದುಕೊಂಡ. ಅಲ್ಲಿಯ ತನಕ ಮಾತು ಕಲಿಸುವ ಮನೆಯವರೆಲ್ಲ ಕಿವಿ ಕೇಳುವವರೇ; ಮಗ್ಗದವರನ್ನು ಮೊದಲ ಸಲ ಕಂಡ ಡಾಕ್ಟರಿಗೂ, ಬಾಯಿಪೆಟ್ಟಿಗೆಯ ದನಿಯಡಿ ಅವಳ ದನಿ ಇಲ್ಲವೆಂದು ಹೊಳೆಯಲಿಲ್ಲ.

ದಾನೇಶ್ವರಿ ಬಾಯಿಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು. "ಕಿವಿ ಹೋದ ಹೊಸತರಾಗ ಒಂದು ಲಗ್ನದಾಗ ಮಾತಾಡಿದ್ದೆ. ಎಲ್ಲಾರೂ ಹೊಳ್ಳಿ ನೋಡಿ ನಕ್ಕರು. ಗಂಡಸು ಒದರಿದಂಗ ಒದರ್ತಾಳ ಅಂದ್ರು. ಅವತ್ತು ಬಿಟ್ಟದ್ದು, ಮತ್ತ ದನಿ ತಗದಿಲ್ಲ. ಈಗ ಎಲ್ಲೈತಿ ಅನ್ನೂದೂ ಮರತೈತಿ."

ಎರಡು ದಿನ ಅವಳು ಅಲ್ಲೇ ಉಳಿದಳು. ಗಂಟಲ ಮೇಲೆ ಕೈಯಿಟ್ಟುಕೊಂಡು 'ಮ್ಮ್' ಎಂದು ಗುಂಯ್‌ಗುಡುವುದನ್ನು ಮಗುವಿನಂತೆ ಕಲಿತಳು. ಬೆರಳಿಗೆ ಮೊದಲ ನಡುಕ ತಾಗಿದಾಗ ಹೆದರಿ ಕೈ ತೆಗೆದಳು. ಹೊರಡುವ ಮುನ್ನ ಅನ್ವಿತಾ ಕೇಳಿದರು: "ಮೊದಲು ಯಾವ ಮಾತು ಹೇಳತೀರಿ?" ಅವಳು ಸೆರಗು ಹೊದ್ದು ಬಸ್ಸಿಗೆ ಹೊರಟಳು.

ಇಪ್ಪತ್ತೆಂಟನೆಯ ದಿನ. ಪಲ್ಲವಿ ಟೀಚರು, ಪುಣ್ಯಾತ್ಗಿತ್ತಿ, ಚಹದ ಕಲೆ ಮರೆತು ಮತ್ತೆ ಬಂದಿದ್ದರು. ಶ್ರೀಶೈಲ ಗೋಡೆ ನೋಡುತ್ತ ಕೇಳುತ್ತಿದ್ದ. ದಾನೇಶ್ವರಿ ಅವನ ಬೆನ್ನ ಹಿಂದೆ ಬಂದು ನಿಂತಳು. ಗಂಟಲ ಮೇಲೆ ಕೈಯಿಟ್ಟಳು.

ಗಂಡನ ಹೆಸರು ಹೇಳಬಾರದೆಂಬ ಮನೆಯಲ್ಲಿ ಬೆಳೆದವಳು ಅವಳು. ಕಿವಿ ಇದ್ದ ಕಾಲದಲ್ಲಿ 'ಏನ್ರಿ' ಬಿಟ್ಟು ಬೇರೆ ಕರೆದಿರಲಿಲ್ಲ. ಶೆಡ್ಡಿನಲ್ಲಿ ಮಾತ್ರ ಬಿಡುವಿದ್ದಾಗೆಲ್ಲ ತುಟಿಯಲ್ಲಿ ಆ ಹೆಸರು ಹೇಳಿಕೊಂಡಿದ್ದಳು. ದನಿಯಿಲ್ಲದ ಹೆಸರಿಗೆ ದೋಷವಿಲ್ಲ ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದಳು.

"ಶ್ರೀ... ಶೈಲಾ."

ಬಹಳ ವರ್ಷ ತೆರೆಯದ ಬಾಗಿಲಿನ ಕೀಲು ಕಿರುಗುಟ್ಟಿದ ಹಾಗೆ ಬಂತು ಆ ದನಿ. ಟೀಚರು ಮಾತು ನಿಲ್ಲಿಸಿದರು. ಶ್ರೀಶೈಲ ಕಿಟಕಿಯತ್ತ ನೋಡಿದ, ಬಾಗಿಲತ್ತ ನೋಡಿದ. ಯಾರ ದನಿಯೋ ಅವನಿಗೆ ಗುರುತಾಗಲಿಲ್ಲ.

"ಶ್ರೀಶೈಲಾ!"

ಟೀಚರು ಕಣ್ಣೊರೆಸಿಕೊಳ್ಳುತ್ತ ಅವನ ಬೆನ್ನ ಹಿಂದೆ ಬೆರಳು ತೋರಿಸಿದರು. ಅವನು ತಿರುಗಿದ. ಹೆಂಡತಿ ಗಂಟಲು ಹಿಡಿದುಕೊಂಡು ನಿಂತಿದ್ದಳು. ಅವನ ಬಾಯಿಂದ ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು, ಶೆಡ್ಡಿನಲ್ಲಿ ಆಡುತ್ತಿದ್ದ ಹಾಗೆ: "ಇನ್ನೊಮ್ಮೆ."

ಅವತ್ತು ಅವಳು ಆ ಹೆಸರನ್ನು ಎಷ್ಟು ಸಲ ಹೇಳಿದಳೋ, ಗುಂಡಿಗೇ ಗೊತ್ತು. ಪಲ್ಲವಿ ಟೀಚರು ಯಾರೂ ಹೇಳದೆಯೇ ಚೀಲ ಎತ್ತಿಕೊಂಡು ಹೊರಟರು. ದಾನೇಶ್ವರಿ ಅವರಿಗೆ ಎಲೆ ಅಡಿಕೆ ಕೊಟ್ಟು, ಒಂದು ಹೊಸ ಸೀರೆ ಉಡಿಸಿ ಕಳಿಸಿದಳು. ಗೆದ್ದವರಿಗೆ ಔದಾರ್ಯ ಸುಲಭ.

ಆ ಗೆಲುವು ಆರು ದಿನ ಬಾಳಿತು.

ಏಳನೆಯ ದಿನ ಅವಳು ಅಡುಗೆಮನೆಯಿಂದ, "ಉಣ್ಣಾಕ ಬರ್ತೀರೇನ್ರಿ?" ಎಂದು ದನಿ ಎತ್ತಿ ಕೇಳಿದಳು. ಉತ್ತರವೇನೆಂದು ತಿಳಿಯಲು ಪಡಸಾಲೆಗೆ ಬಂದು ಇಣುಕಿದಳು. ಅವನು ಬೆನ್ನು ಮಾಡಿ ಕೂತು ಟಿವಿ ನೋಡುತ್ತಿದ್ದ. ತಲೆ ಸ್ವಲ್ಪ ಅಲುಗಿತು, ಏನೋ ಅಂದಿರಬೇಕು. ತಿರುಗಲಿಲ್ಲ. ತಿರುಗುವ ಅಗತ್ಯ ಅವನಿಗಿರಲಿಲ್ಲ, ಅವಳ ದನಿ ಕೇಳಿತ್ತಲ್ಲ! ಅವಳು ಅಲ್ಲೇ ನಿಂತು ಆ ಬೆನ್ನನ್ನು ನೋಡಿದಳು. ಟೀಚರ ದನಿಯಿಂದ ತಾನು ಕಿತ್ತುಕೊಂಡದ್ದು ಗಂಡನ ಕಿವಿಯನ್ನು ಮಾತ್ರ, ಕಣ್ಣನ್ನಲ್ಲ ಎಂದು ಅವಳಿಗೆ ಆಗ ತಿಳಿಯಿತು. ಈಗ ಅವಳ ಸವತಿ ಅವಳದೇ ದನಿ. ಆ ದನಿ ಮನೆಯ ಯಾವ ಮೂಲೆಯಿಂದಲೂ ಅವನನ್ನು ಮುಟ್ಟುತ್ತಿತ್ತು, ಮುಖ ಯಾರಿಗೂ ಬೇಡವಾಗಿತ್ತು.

ಅವಳು ಬುಟ್ಟಿಯಿಂದ ಕಂಡಿಕೆ ತೆಗೆದು ಎಸೆದಳು. ಈ ಸಲ ಗುರಿ ತಪ್ಪಲಿಲ್ಲ.

ನಲವತ್ತನೆಯ ದಿನ ಇಬ್ಬರೂ ಧಾರವಾಡಕ್ಕೆ ಬಂದರು. ಅನ್ವಿತಾ ಗುಂಡಿ ಬಿಚ್ಚಿ ಓದಿದರು. ದಾನೇಶ್ವರಿಯ ದನಿ ಆರು ದಿನ ಚೆನ್ನಾಗಿ ಬಿದ್ದಿತ್ತು. ಆಮೇಲೆ ದಿನಕ್ಕೆ ಒಂದೇ ಒಂದು ಕ್ಷಣ, ಅಷ್ಟೇ.

"ಯಾಕ ಕಾಕು? ಮತ್ತ ನಿಲ್ಲಿಸಿಬಿಟ್ರಿ? ನಿಮ್ಮ ದನಿ ಪೂರ್ತಿ ಸ್ಪಷ್ಟ ಆಗ್ತಿತ್ತು."

ದಾನೇಶ್ವರಿ ಬಾಯಿಪೆಟ್ಟಿಗೆ ಮುಟ್ಟಲಿಲ್ಲ. ಗಂಡನತ್ತ ತಿರುಗಿ ತುಟಿ ಆಡಿಸಿದಳು. ಶ್ರೀಶೈಲ ಅವಳ ಬಾಯಿಯನ್ನೇ ನೋಡುತ್ತ, ಸ್ವಲ್ಪ ನಾಚಿಕೊಂಡು, ಡಾಕ್ಟರಿಗೆ ದನಿ ಮಾಡಿ ಹೇಳಿದ:

"ಅಕಿ ಅಂತಾಳ್ರಿ, ಕಿವಿ ನೀ ಬೇಕಾದವರಿಗೆ ಕೊಡು, ಕಣ್ಣು ನನಗ ಇಡು ಅಂತ. ಒಪ್ಪಂದ ಆಗೈತ್ರಿ. ದಿನಾ ಮುಂಜಾನೆ ಒಂದ ಸಲ ಹೆಸರು ಹಿಡದು ಕರೀತಾಳ. ಉಳಿದದ್ದೆಲ್ಲಾ ಮಾರಿ ನೋಡಿ."

"ನಿಮಗ ಬ್ಯಾಸರ ಇಲ್ಲೇನ್ರಿ ಕಾಕಾರ?"

"ಮೊದಲ ಸಿಟ್ಟು ಬಂದಿತ್ತು. ಆಮ್ಯಾಲ ಕೂತು ನೋಡಿದೆ. ಒಂದು ತಿಂಗಳದಾಗ ಅಕಿ ಮಾರಿ ನಾ ಸರಿಯಾಗಿ ನೋಡೇ ಇರ್ಲಿಲ್ರಿ. ಎಷ್ಟು ಸೊರಗ್ಯಾಳ."

"ಮುಂದಿನ ತಿಂಗಳು ನಿಮ್ಮ ಸರದಿ ಕಾಕು. ಮುಲಾಮು ತಯಾರೈತಿ."

ದಾನೇಶ್ವರಿ ಬೇಡವೆಂದು ತಲೆಯಾಡಿಸಿದಳು. ಈ ಸಲ ಗಂಟಲ ಮೇಲೆ ಕೈಯಿಟ್ಟು ತನ್ನ ದನಿಯಲ್ಲೇ ಹೇಳಿದಳು. ಒರಟು ದನಿ, ಒಂದೊಂದೇ ಮಾತು. "ಇಪ್ಪತ್ತೇಳು ಕೂತಿರ್ಲಿ ಬಿಡ್ರಿ ಬಾಯಾರ. ನನಗೂ ಕೇಳಾಕ ಹತ್ತಿದ್ರ ಇಬ್ರೂ ಗ್ವಾಡಿ ನೋಡ್ಕೊಂತ ಮಾತಾಡ್ತೀವಿ."

ಅವಳು ಚೀಲದಿಂದ ಒಂದು ಖಾಲಿ ಕಂಡಿಕೆ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. "ಇಟ್ಕೋರಿ, ಬೇಕಾದೀತು."

ಅವರು ಹೊರಟುಹೋದ ಮೇಲೆ ಅನ್ವಿತಾ ಕಿಟಕಿಯಿಂದ ನೋಡಿದರು. ಕಂಪೌಂಡಿನ ಬೇವಿನ ಮರದಡಿ ಇಬ್ಬರೂ ನಿಂತಿದ್ದರು. ಅವಳು ಏನೋ ಹೇಳುತ್ತಿದ್ದಳು. ರಸ್ತೆಯಲ್ಲಿ ಲಾರಿ ಹೋಯಿತು, ಯಾರೋ ಹಾರನ್ನು ಒತ್ತಿದರು. ಎಲ್ಲವೂ ಕೇಳುತ್ತಿದ್ದ ಆ ಗಂಡಸು ಕಣ್ಣು ಕದಲಿಸದೆ ಅವಳ ಮುಖವನ್ನೇ ನೋಡುತ್ತಿದ್ದ. ಸಾವಿರಾರು ಜನಕ್ಕೆ ಕಿವಿ ಕೊಟ್ಟ ವಿಜ್ಞಾನಿಗೆ ಆ ಕಿವುಡಿಯನ್ನು ಕಂಡು ಹೊಟ್ಟೆ ಉರಿಯಿತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯುವಂತಿರಲಿಲ್ಲ.

ಸಂಜೆ ಮನೆಯಲ್ಲಿ ಅವರು ಊಟದ ಮೇಜಿಗೆ ಕೂತು ಗುಂಡಿಯ ವರದಿ ಓದುತ್ತಿದ್ದರು. ಗಂಡ ಆ ಕಡೆಯ ಕುರ್ಚಿಯಲ್ಲಿ ತನ್ನ ಪರದೆಗೆ ಮುಖ ಕೊಟ್ಟು ಕೂತಿದ್ದ. ಅವನು ಏನೋ ಕೇಳಿದ. ಅನ್ವಿತಾ "ಹ್ಞೂಂ" ಎಂದರು. ಅವನೂ "ಹ್ಞೂಂ" ಎಂದ. ಸ್ವಲ್ಪ ಹೊತ್ತಿನ ಮೇಲೆ, ಅವನು ಕೇಳಿದ್ದೇನು, ತಾನು ಒಪ್ಪಿದ್ದೇನು ಎಂದು ಅವರು ನೆನಪಿಸಿಕೊಳ್ಳಲು ನೋಡಿದರು. ಹೊಳೆಯಲಿಲ್ಲ. ಇಬ್ಬರ ಕಿವಿಯೂ ಚೊಕ್ಕಟವಾಗಿತ್ತು, ಹದಿನೈದು ಹದಿನೈದು ಸಾವಿರ ಕೂದಲೂ ಇದ್ದವು. ಅವರು ಚೀಲಕ್ಕೆ ಕೈ ಹಾಕಿ, ದಾನೇಶ್ವರಿ ಕೊಟ್ಟಿದ್ದ ಕಂಡಿಕೆ ತೆಗೆದು, ಗುರಿ ನೋಡಿ, ಎಸೆದರು.

ನಮ್ಮ ಕಾಲಕ್ಕೆ ಆ ಮುಲಾಮು ಇನ್ನೂ ಬಂದಿಲ್ಲ. ಇಪ್ಪತ್ತೇಳು ನಮ್ಮ ಕಿವಿಯ ಬಾಗಿಲಲ್ಲಿ ರಜೆಯಿಲ್ಲದೆ ಕೂತಿದೆ, ಇರುವಷ್ಟು ಕೂದಲಲ್ಲೇ ನಾವು ಕೇಳಬೇಕು. ನೀವು ಇದನ್ನು ಓದುತ್ತಿರುವಾಗ ಮನೆಯಲ್ಲಿ ಯಾರೋ ನಿಮ್ಮನ್ನು ಏನೋ ಕೇಳಿರಬಹುದು. ನೀವು ತಲೆ ಎತ್ತದೆ ಹ್ಞೂಂ ಅಂದಿರಬಹುದು. ಏನು ಕೇಳಿದರು?